ತವರಿಗೆ ಹೋದ ಕಂಬಳಿ

ಮಕ್ಕಳೇ, ಹೋದ ಸಲ ರಜೆಗೆ ಬಂದಾಗ ನನ್ನ ಫೋನಿನಲ್ಲಿ ಒಂದು ಚಿತ್ರ ನೋಡಿ, "ಅಜ್ಜಿ, ಈ ಹಳದಿ ಮುಖದ ಹೆಂಗಸು ಯಾರು?" ಎಂದು ಕೇಳಿದಿರಿ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನಾನು ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಎದುರು ಕೂತು ಹೇಳಲು ಹೋದರೆ ನನಗೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಬರೆಯಲು ಅಷ್ಟು ಸಂಕೋಚವಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇಷ್ಟಕ್ಕೆ ಸಾಕಾಗಬಹುದು.

ಆ ಹೆಂಗಸು ಟರ್ಕಿ ದೇಶದವಳು. ಈಗಿಲ್ಲ. ಅವಳ ಮಗಳು ಅಲ್ಲಿಯ ಹೆಸರುವಾಸಿ ಚಿತ್ರಕಾರ್ತಿ. ಆ ಮಗಳು ಒಂದು ಚಳಿಗಾಲ ಪೂರ್ತಿ ಚಿತ್ರದುರ್ಗದಲ್ಲಿ ನಮ್ಮ ಮಾಳಿಗೆಯ ಕೋಣೆಯಲ್ಲಿದ್ದಳು. ಮುಖ ಬರೆದವಳು ಅವಳು. ಮುಖದ ಕೆಳಗಿರುವುದು ನನ್ನ ಕಂಬಳಿ. ಹಳದಿ ಮಾತ್ರ ನಿಮ್ಮ ತಾತನ ಅಣ್ಣನ ಕೆಲಸ.

ಅವಳನ್ನು ನಮ್ಮ ಮನೆಗೆ ಕರೆತಂದವರು ಹೊಳಲ್ಕೆರೆ ಕಡೆಯ ಒಬ್ಬ ಡ್ರಾಯಿಂಗ್ ಮಾಸ್ತರರು. "ಫಾರಿನ್ ಕಲಾವಿದೆ, ನಮ್ಮ ಕೋಟೆ ಬರೆಯಾಕೆ ಬಂದವ್ರೆ" ಎಂದು ಬೀದಿಗೆಲ್ಲ ಹೇಳಿದರು. ಬೀದಿಯವರೆಲ್ಲ ಬಂದು ನೋಡಿ ಬೇಸರದಿಂದ ಹೋದರು. ಫಾರಿನ್ ಎಂದ ಮೇಲೆ ಕೂದಲು ಜೋಳದ ತೆನೆಯ ಕುಚ್ಚಿನಂತಿರಬೇಕಲ್ಲ. ಇವಳದು ಕಪ್ಪು ಕೂದಲು, ನಡುನಡುವೆ ನರೆ. ಹಿರಿಯೂರು ಸಂತೆಯಲ್ಲಿ ನಿಲ್ಲಿಸಿದರೆ ಯಾರೋ ಟೀಚರಮ್ಮ ತರಕಾರಿಗೆ ಬಂದಿದ್ದಾರೆ ಎನ್ನಬೇಕು, ಹಾಗಿದ್ದಳು.

ಪಕ್ಕದ ಮನೆಯ ಆಪಾ ನಿಮಗೆ ಗೊತ್ತಲ್ಲ. ತಲೆತಲಾಂತರದಿಂದ ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಮನೆತನ ಅವರದು. ಸಾಬರ ದೇಶದಿಂದ ಹೆಂಗಸು ಬರುತ್ತಾಳೆ ಎಂದು ಆಪಾ ಜಮಖಾನೆ ತೊಳೆದು ಒಣಗಿಸಿ ಕಾದಿದ್ದಳು. ಬಂದವಳು ತಲೆಗೆ ಬಟ್ಟೆ ಹಾಕಲಿಲ್ಲ. ಹಾಲಿಲ್ಲದ ಚಹಾ ಕೇಳಿದಳು. ಕೈತುಂಬ ಬಣ್ಣ ಮೆತ್ತಿಕೊಂಡು ಮೆಟ್ಟಿಲ ಮೇಲೆ ಕೂತು ಗಂಡಸರಂತೆ ಜೋರಾಗಿ ನಕ್ಕಳು.

"ನಮ್ಮೋಳು ಅಂದ್ಕಂಡಿದ್ದೆ ಕಣಕ್ಕ" ಎಂದಳು ಆಪಾ. "ಇವಳು ನಮ್ಮೋಳೂ ಅಲ್ಲ, ನಿಮ್ಮೋಳೂ ಅಲ್ಲ. ಹಾಲಿಲ್ದ ಚಾ ಕುಡಿಯೋಳು ಯಾರೋಳೂ ಅಲ್ಲ."

ಎಲ್ಲರಿಗಿಂತ ಹೆಚ್ಚು ನಿರಾಶರಾದವರು ಮಾಸ್ತರರು. ಅವಳು ಒಂದು ಬೆಳಿಗ್ಗೆ ಕೋಟೆ ಹತ್ತಿ, ಸುತ್ತ ನೋಡಿ, ಚೆನ್ನಾಗಿದೆ ಎಂದು ಹೇಳಿ, ಕೆಳಗಿಳಿದು, ಇಲ್ಲಿ ಕುರಿಗಳು ಎಲ್ಲಿರುತ್ತವೆ ಎಂದು ಕೇಳಿದಳಂತೆ.

ಆಪಾಳ ಮನಸ್ಸು ಬದಲಾದದ್ದು ಗೋಡೆಯ ಮೇಲಿನ ಬಿಲ್ಲಿನಿಂದ. ಮೊದಲು ಹತ್ತಿ ಹಿಂಜುತ್ತಿದ್ದ ಉದ್ದನೆಯ ಬಿಲ್ಲನ್ನು, ಮಿಷನ್ನು ಬಂದ ಮೇಲೂ ಎಸೆಯದೆ, ಅವರ ಮನೆಯಲ್ಲಿ ನೇತುಹಾಕಿದ್ದಾರೆ. ಅದನ್ನು ನೋಡಿದ್ದೇ ಇವಳು ಹತ್ತಿರ ಹೋಗಿ ತಂತಿಯನ್ನು ಬೆರಳಿನಿಂದ ಮೀಟಿದಳು.  ಅವಳ ಅಜ್ಜ ಇಂಥದೇ ಬಿಲ್ಲಿನಿಂದ ಉಣ್ಣೆ ಹಿಂಜುತ್ತಿದ್ದನಂತೆ. ಅವತ್ತಿನಿಂದ ಆಪಾ ಅವಳಿಗೆ ದಿನಾ ಹಾಲು ಹಾಕಿಯೇ ಚಹಾ ಕೊಟ್ಟಳು. ಅವಳು ದಿನಾ ಮುಖ ಕಿವುಚಿ ಕುಡಿದಳು.

ನಮಗೂ ಅವಳಿಗೂ ನಡುವೆ ಮಾತು ಒಯ್ಯುತ್ತಿದ್ದದ್ದು ಅವಳ ಫೋನು. ಅವಳು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಫೋನಿನೊಳಗಿನ ಒಬ್ಬ ಹೆಂಗಸು ರೇಡಿಯೋ ವಾರ್ತೆಯ ಕನ್ನಡದಲ್ಲಿ ನಮಗೆ ಓದುವಳು. ಹೊಟ್ಟೆ ಹಸಿದಿದೆ ಎನ್ನುವುದನ್ನೂ ಯಾರೋ ಮಂತ್ರಿ ತೀರಿಕೊಂಡಂತೆ ಓದುವಳು. ಆಪಾ ಅವಳಿಗೆ "ಪ್ಯಾಟೆ ಸೊಸೆ" ಎಂದು ಹೆಸರಿಟ್ಟಳು. ಎಲ್ಲ ತಿಳಿದವಳಂತೆ ಮಾತಾಡುತ್ತಾಳೆ, ಒಂದು ಕೆಲಸ ಮಾಡುವುದಿಲ್ಲ ಎಂದು.

ಆ ಪ್ಯಾಟೆ ಸೊಸೆಯ ಬಾಯಿಂದಲೇ ಚಿತ್ರಕಾರ್ತಿಯ ಬದುಕನ್ನು ನಾನು ಅಡುಗೆಮನೆಯಲ್ಲಿ ಕೂತು ಕೇಳಿದೆ. ಅವರದು ಸಮುದ್ರದಿಂದ ದೂರದ, ಮಳೆ ಕಡಿಮೆಯಾದ, ಕುರಿ ಹೆಚ್ಚಾದ ಒಂದು ಊರು. ನಾನು ಮನಸ್ಸಿನಲ್ಲೇ ಹಿರಿಯೂರು ಎಂದುಕೊಂಡೆ. ಅಜ್ಜ ಹಿಂಜಿದ ಉಣ್ಣೆಗೆ ಬಿಸಿನೀರು ಚಿಮುಕಿಸಿ, ಸುತ್ತಿ, ತುಳಿದು ತುಳಿದು ದಪ್ಪ ಹಾಸು ಮಾಡುತ್ತಿದ್ದ. ನೇಯ್ಗೆ ಇಲ್ಲ, ಬರೀ ತುಳಿತ. ಅದರಿಂದ ಕುರಿ ಕಾಯುವವರಿಗೆ ತೋಳಿಲ್ಲದ ನಿಲುವಂಗಿ. ನಾನು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ತೋರಿಸಿದಾಗ ಅವಳು ಅಡುಗೆಮನೆಯಲ್ಲೇ ಚಪ್ಪಾಳೆ ತಟ್ಟಿದಳು.

ಹಾಸಿನ ಮೇಲೆ ಬಣ್ಣದ ಉಣ್ಣೆಯಿಂದ ಹೂಬಳ್ಳಿ ಕೂಡಿಸುತ್ತಿದ್ದವಳು ಅವಳ ಅವ್ವ. ಸಣ್ಣವಳಿದ್ದಾಗ ಇವಳು ಇದ್ದಿಲಿನಲ್ಲಿ ಗೋಡೆಯ ಮೇಲೆ ಕುರಿಯೊಂದನ್ನು ಬರೆದಳು. ಅಪ್ಪ ಹೊಡೆದ. ಅವ್ವ ಬಂದು, ಚಿತ್ರವನ್ನು ಬಹಳ ಹೊತ್ತು ನೋಡಿ, ಚಹಾ ಆಗಿದೆ ಬಾ ಎಂದಳು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ಸಾಯುವವರೆಗೂ ಮಗಳ ಯಾವ ಚಿತ್ರಕ್ಕೂ ಅವ್ವ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಪ್ರತಿ ಸಲ ಚಹಾ ಆಗಿರುತ್ತಿತ್ತು.

ಮುಂದೆ ಇಸ್ತಾಂಬುಲ್‌ನ ಚಿತ್ರಶಾಲೆಗೆ ಸೇರಿದಳು. ಪ್ಯಾರಿಸ್‌ನಲ್ಲಿ ಕಲಿತು ಬಂದ ಗುರುಗಳು, ನಿನ್ನ ಚಿತ್ರದಲ್ಲಿ ಕುರಿಯ ವಾಸನೆ ಬರುತ್ತದೆ ಎಂದರು. ಆ ವಾಸನೆಯನ್ನು ತೊಳೆಯಲು ಅವಳ ಯೌವನ ಹೋಯಿತು. ಹಣ್ಣಿನ ತಟ್ಟೆ ಬರೆದಳು, ಸೀಸೆ ಬರೆದಳು, ಸುಮ್ಮನೆ ಕೂತ ಹೆಂಗಸರನ್ನು ಬರೆದಳು. ಮೊದಲ ಪ್ರದರ್ಶನಕ್ಕೆ ನೆಂಟರು ಬಂದರು. ಎರಡನೆಯದರಲ್ಲಿ ಒಬ್ಬ ಹಲ್ಲಿನ ಡಾಕ್ಟರು ತನ್ನ ಪರದೆಯ ಬಣ್ಣಕ್ಕೆ ಹೊಂದುತ್ತದೆ ಎಂದು ಒಂದು ಚಿತ್ರ ಒಯ್ದ. ಹೊಟ್ಟೆಪಾಡಿಗೆ ನಿವೃತ್ತ ಸೇನಾಧಿಕಾರಿಗಳ ಮುಖ ಬರೆದಳು. ಎಲ್ಲರಿಗೂ ಇದ್ದದ್ದಕ್ಕಿಂತ ಗಟ್ಟಿಯಾದ ಗದ್ದ ಬೇಕಿತ್ತು. ಇನ್ನೊಬ್ಬ ಚಿತ್ರಕಾರನನ್ನು ಮದುವೆಯಾದಳು. ಮನೆಯಲ್ಲಿ ಬೆಳಕು ಬೀಳುವ ಕೋಣೆ ಅವನಿಗೆ ಬಂತು, ಅಡುಗೆಕೋಣೆ ಇವಳಿಗೆ ಬಂತು. ಕೆಲವು ವರ್ಷ ನೋಡಿ ಬಿಟ್ಟು ಹೊರಟಳು.

ನಡುವಯಸ್ಸಿನಲ್ಲಿ, ಊರಿನ ಕೊಟ್ಟಿಗೆಯಲ್ಲಿ ಅಜ್ಜನ ಹಳೆಯ ಹಾಸುಗಳು ಸಿಕ್ಕಿದವು. ಬಟ್ಟೆಯ ಬದಲು ಅವುಗಳ ಮೇಲೆಯೇ ಬರೆದಳು. ಅಲ್ಲಿಂದ ಅವಳ ಹೆಸರು ಎದ್ದಿತು. ಜರ್ಮನಿಯವರು ಕರೆದರು, ಬೇರೆಯವರೂ ಕರೆದರು. ಗುರುಗಳು ಪತ್ರಿಕೆಯಲ್ಲಿ ಬರೆದರು, ಈಕೆಯ ಚಿತ್ರದ ಜೀವವೇ ಆ ಕುರಿಯ ವಾಸನೆ, ಅದನ್ನು ಕಳೆದುಕೊಳ್ಳಬೇಡ ಎಂದು ನಾನು ಆಗಲೇ ಹೇಳಿದ್ದೆ ಎಂದು.

ಇದನ್ನು ಹೇಳುವಾಗ ಅವಳು ಕಣ್ಣೀರು ಬರುವಷ್ಟು ನಕ್ಕಳು. ಪ್ಯಾಟೆ ಸೊಸೆ ಮಾತ್ರ ಗಂಭೀರವಾಗಿಯೇ ಓದಿದಳು.

ಈಗ ಅವಳ ಬದುಕಿನ ಚಿತ್ರಗಳನ್ನೆಲ್ಲ ಒಂದೇ ಕಡೆ ಇಡುವ ದೊಡ್ಡ ಪ್ರದರ್ಶನ ಇಸ್ತಾಂಬುಲ್‌ನಲ್ಲಿ ನಡೆಯಲಿತ್ತು. ಅಲ್ಲಿ ಒಂದು ಗೋಡೆಯನ್ನು ಅವಳು ಖಾಲಿ ಬಿಡಿಸಿದ್ದಳು. ಅದು ಅವ್ವನ ಗೋಡೆ. ಅವ್ವ ತೀರಿದಾಗಿನಿಂದ ಆ ಮುಖ ಬರೆಯಲು ಹೆಣಗಿ ಆಗಿರಲಿಲ್ಲ. ಅವರ ಕಡೆಯ ಉಣ್ಣೆ ಬಿಳಿ. ಬಿಳಿಯ ಮೇಲೆ ಬರೆದರೆ ಅವ್ವನಿಗೆ ಹೆಣದ ಬಟ್ಟೆ ಹೊದಿಸಿದಂತೆ ಕಾಣುತ್ತಿತ್ತಂತೆ. ಕರಿ ಉಣ್ಣೆ ಹುಡುಕಿಕೊಂಡು ಇಲ್ಲಿಗೆ ಬಂದಿದ್ದಳು. ಇಲ್ಲಿಯ ಅಂಗಡಿಗಳಲ್ಲಿ ಕೊಂಡ ಕಂಬಳಿಗಳಲ್ಲಿ ಗಿರಣಿಯ ನೂಲು ಬೆರೆತಿತ್ತು. ಬಣ್ಣ ನಿಲ್ಲಲಿಲ್ಲ.

ನನ್ನ ಟ್ರಂಕಿನಲ್ಲಿ ಒಂದು ಕಂಬಳಿ ಇತ್ತು. ನಮ್ಮವರ ಮದುವೆಯಲ್ಲಿ ಗದ್ದುಗೆಗೆ ಹಾಸುವ ಕರಿ ಕಂಬಳಿ ಹೆಣ್ಣಿನ ತವರಿನದು. ನನ್ನದನ್ನು ಹಿರಿಯೂರು ಸೀಮೆಯ ನಮ್ಮ ಹಟ್ಟಿಯಲ್ಲಿ ನನ್ನಪ್ಪನೇ ನೇಯ್ದಿದ್ದ, ಮರಿಕುರಿಗಳ ಮೊದಲ ಉಣ್ಣೆಯಿಂದ. ನಿಮ್ಮ ತಾತ ಹೋದ ಮೇಲೆ ಯಾವ ಶುಭಕ್ಕೂ ಯಾರೂ ಅದನ್ನು ಕೇಳಲಿಲ್ಲ. ಬೇವಿನ ಸೊಪ್ಪು ಬದಲಾಯಿಸುವುದಷ್ಟೇ ಅದಕ್ಕೆ ನಾನು ಮಾಡುತ್ತಿದ್ದ ಉಪಚಾರ. ಒಂದು ಮಧ್ಯಾಹ್ನ ತೆಗೆದು ಅವಳ ಕೈಗೆ ಕೊಟ್ಟೆ. ಮೂಗಿಗೆ ಹಿಡಿದು ನೋಡಿದಳು. ಆಮೇಲೆ ಅದನ್ನು ತಬ್ಬಿಕೊಂಡು ಮಾಳಿಗೆ ಹತ್ತಿದಳು. ಊಟಕ್ಕೆ ಕೂಗಿದರೂ ಬರಲಿಲ್ಲ.

ಕಂಬಳಿಯ ಮೇಲೆ ಅವ್ವ ಬಂದಳು. ತಲೆಗೆ ಬಟ್ಟೆ, ಅಗಲ ಕಣ್ಣು, ಮುಚ್ಚಿದ ಬಾಯಿ. ಹೌದು ಎನ್ನದ, ಅಲ್ಲ ಎನ್ನದ ಬಾಯಿ. ಇನ್ನೇನು ಚಹಾಕ್ಕೆ ಕರೆಯುತ್ತಾಳೆ ಎನ್ನಿಸುವಂತಿತ್ತು. ಮಾಸ್ತರರು ಬಂದು ನೋಡಿದರು.

"ಮೂಗು ಸಣ್ಣದಾಯ್ತು" ಎಂದರು. "ಹಿಂದೆ ಒಂದ್ ಚೂರು ಕೋಟೆ ಹಾಕಿದ್ರೆ ಚೆನ್ನಾಗಿತ್ತು."

ಅದೇ ವಾರ ಅವರು ಅವಳಿಗೊಂದು ಸನ್ಮಾನ ಮಾಡಿಸಿದರು. ಪೇಟ, ಶಾಲು, ಹಣ್ಣಿನ ಬುಟ್ಟಿ. ತೊಟ್ಟಿಲಲ್ಲೇ ಕುಂಚ ಹಿಡಿದವರು, ಮೊದಲ ಪ್ರದರ್ಶನಕ್ಕೇ ಜನಸಾಗರ, ನಮ್ಮ ಕೋಟೆಯ ಸೆಳೆತಕ್ಕೆ ಏಳು ಸಮುದ್ರ ದಾಟಿ ಬಂದವರು ಎಂದು ಅವಳ ಬದುಕನ್ನು ಓದಿದರು. ಪ್ಯಾಟೆ ಸೊಸೆ ಅದನ್ನು ಅವಳ ಕಿವಿಗೆ ಹೇಳುತ್ತಿದ್ದಳು. ಇಷ್ಟು ಸುಖವಾದ ಬದುಕು ತನಗಿತ್ತೆಂದು ಗೊತ್ತಿರಲಿಲ್ಲ ಎಂದು ಅವಳು ದಾರಿಯಲ್ಲಿ ನನಗೆ ಹೇಳಿದಳು.

ಚಿತ್ರ ಗೋಡೆಗೆ ನೆಟ್ಟಗೆ ನಿಲ್ಲಬೇಕೆಂದರೆ ಕಂಬಳಿಯ ಹಿಂಬದಿಗೆ ಹುಣಸೆ ಬೀಜದ ಗಂಜಿ ಬಳಿಯಬೇಕು. ಅವಳು ಊರಿಗೆ ಹೊರಡುವ ದಿನ ಹತ್ತಿರವಾಗಿತ್ತು. ನಡುಮನೆಯಲ್ಲಿ ಶುಭ್ರವಾದ ಸೀರೆ ಹಾಸಿ, ಅದರ ಮೇಲೆ ಚಿತ್ರವನ್ನು ಬೋರಲು ಮಲಗಿಸಿ, ಬೆನ್ನಿಗೆ ಗಂಜಿ ಬಳಿದು, ಬಾಗಿಲಿನ ಬಿಸಿಲಿಗೆ ಒಣಗಲು ಬಿಟ್ಟೆವು. ಅವಳು ಕುಂಚ ತೊಳೆಯಲು ಮೇಲೆ ಹೋದಳು. ನಾನು ರಾಗಿ ಬೀಸಿಸಲು ಗಿರಣಿಗೆ ಹೋದೆ.

ನಮ್ಮ ಕುಲದ ದೇವರಿಗೆ ಪೆಟ್ಟಿಗೆಯೇ ಮನೆ ಎಂದು ನಿಮಗೆ ಹೇಳಿದ್ದೇನೆ. ಬಾಗೂರು ಕಡೆಯ ನಮ್ಮೂರಿನಿಂದ ಆ ಪೆಟ್ಟಿಗೆ ಆಗೊಮ್ಮೆ ಈಗೊಮ್ಮೆ ಅಣ್ಣತಮ್ಮಂದಿರ ಮನೆಗಳಿಗೆ ಬರುತ್ತದೆ. ಬಂದರೆ ಬರಿ ನೆಲಕ್ಕೆ ಇಡುವಂತಿಲ್ಲ. ಕರಿ ಕಂಬಳಿ ಹಾಸಿ, ಅದರ ಮೇಲೆ ಕೂರಿಸಿ, ಭಂಡಾರ ಹಾಕಬೇಕು. ಭಂಡಾರವೆಂದರೆ ಅರಿಶಿನದ ಪುಡಿ. ಅದು ಬಿದ್ದದ್ದು ದೇವರ ಪಾಲು. ಸೋಮವಾರ ಬರುವ ದೇವರಿಗೆ ಹೊಸ ಕಂಬಳಿ ತಂದು ಅಟ್ಟದ ಮೇಲೆ ಇಟ್ಟಿದ್ದೆ. ಆದರೆ ಹೊಸದುರ್ಗದಿಂದ ಇತ್ತ ಬರುವ ಈರುಳ್ಳಿ ಗಾಡಿಯಲ್ಲಿ ಜಾಗ ಸಿಕ್ಕಿತೆಂದು ದೇವರು ಭಾನುವಾರವೇ ಹೊರಟುಬಿಟ್ಟಿತ್ತು.

ನಾನು ಹಿಟ್ಟಿನ ಡಬ್ಬ ಹೊತ್ತು ಬಂದಾಗ ಆಪಾ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಒಳಗೆ ನಮ್ಮವರೆಲ್ಲ ತುಂಬಿದ್ದರು. ಚಿತ್ರದ ಬೆನ್ನಿನ ಮೇಲೆ ದೇವರ ಪೆಟ್ಟಿಗೆ ಕೂತಿತ್ತು. ಅದರ ಪೂಜಾರಿ ನನ್ನ ಭಾವನವರು, ನಿಮ್ಮ ತಾತನ ಅಣ್ಣ. ಕೈತುಂಬ ಭಂಡಾರ ಹಿಡಿದು ನನ್ನತ್ತ ತಿರುಗಿದರು.

"ನಾವು ಬರೋದ್ ಮುಂಚೇನೇ ಗೊತ್ತಾದಂಗೆ ಗದ್ದುಗೆ ಹಾಸಿಟ್ಟೀಯಲ್ಲವ್ವ. ಗಂಜಿ ಬೇರೆ ಹಾಕಿ. ನಿನ್ನಂಥ ಭಕ್ತಿ ಯಾರಿಗೈತೆ."

ಭಾವನವರ ಎದುರು ನಿಂತು ಮಾತಾಡುವ ವಾಡಿಕೆ ನಮ್ಮ ಕಾಲದ ಹೆಂಗಸರಿಗಿರಲಿಲ್ಲ. ನಾನು ಡಬ್ಬದ ಸಮೇತ ಅಡುಗೆಮನೆಗೆ ಹೋದೆ. ಮಾಳಿಗೆಯಿಂದ ಇಳಿದು ಬಂದ ಅವಳು ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಕೂತ ದೇವರನ್ನು ಬೆಳಗಾಗುವವರೆಗೆ ಏಳಿಸುವಂತಿಲ್ಲ.

ಮಾರನೆಯ ಬೆಳಿಗ್ಗೆ ಪೆಟ್ಟಿಗೆ ಎತ್ತಿದರು. ಭಾವನವರು ಕಂಬಳಿ ಮಡಿಸಲು ತುದಿ ಹಿಡಿದು ಮಗುಚಿದರು. ಅಡಿಯಿಂದ ಅಗಲ ಕಣ್ಣಿನ ಒಬ್ಬ ಹೆಂಗಸು ಅವರನ್ನೇ ನೋಡುತ್ತಿದ್ದಳು.

ಭಾವನವರ ಮಂಡಿ ತಾನಾಗಿ ನೆಲಕ್ಕೆ ಬಿತ್ತು. ಚೀಲದಲ್ಲಿ ಉಳಿದಿದ್ದ ಭಂಡಾರವನ್ನೆಲ್ಲ ಆ ಮುಖದ ಮೇಲೆ ಸುರಿದರು. ನಿನ್ನೆಯ ಗಂಜಿಯ ಪಸೆ ಈಚೆಗೂ ಇಳಿದಿತ್ತು. ಅರಿಶಿನ ಹಣೆಗೆ, ಕೆನ್ನೆಗೆ, ತಲೆಯ ಬಟ್ಟೆಗೆ ಗಟ್ಟಿಯಾಗಿ ಹತ್ತಿತು.

"ದೇವರ ಅಡಿಯಾಗೆ ಅವ್ವ ಮೂಡವಳೆ" ಎಂದರು.

ಸುದ್ದಿ ಬೀದಿಗೆ ಹೋಯಿತು. ಅವ್ವನನ್ನು ಊರಿಗೆ ಒಯ್ಯಬೇಕು, ಗುಡಿ ಕಟ್ಟಬೇಕು ಎಂದು ನಮ್ಮವರು ಕೂತಲ್ಲೇ ತೀರ್ಮಾನಿಸಿದರು. ಗುಡಿಯ ಬಾಗಿಲು ಯಾವ ಕಡೆಗೆ ಎನ್ನುವುದಕ್ಕೆ ಆಗಲೇ ಜಗಳವೂ ಶುರುವಾಯಿತು. ಮೂಗು ಸಣ್ಣದಾಯಿತು ಎಂದಿದ್ದ ಮಾಸ್ತರರು ಓಡಿ ಬಂದು, ತಮಗೆ ಮೊದಲ ದಿನವೇ ದೈವಕಳೆ ಕಂಡಿತ್ತು ಎಂದರು.

ಚಿತ್ರಕಾರ್ತಿ ಭಾವನವರ ಎದುರು ಬಂದು ಕೂತು ಫೋನಿಗೆ ಏನೋ ಹೇಳಿದಳು.  ಪ್ಯಾಟೆ ಸೊಸೆ ಓದಿದಳು: "ಮಹನೀಯರೇ, ಇವರು ನನ್ನ ತಾಯಿಯಾಗಿರುತ್ತಾರೆ. ದಯವಿಟ್ಟು ನನ್ನ ತಾಯಿಯನ್ನು ನನಗೆ ಹಿಂದಿರುಗಿಸಬೇಕಾಗಿ ಕೋರುತ್ತೇನೆ."

ಭಾವನವರು ಎಲ್ಲರತ್ತ ತಿರುಗಿದರು. "ಕೇಳಿದ್ರೇನ್ರಪ್ಪ. ಫೋನೂ ತಾಯಿ ಅಂತೈತೆ."

"ಲೇ ಮಾವ, ಅದು ಆಯಮ್ಮನ ಹೆತ್ತ ತಾಯಿ ಕಣೋ" ಎಂದಳು ಆಪಾ ಬಾಗಿಲಿನಿಂದ. ಅವಳಿಗೆ ನನ್ನಂತೆ ಸಂಕೋಚವಿಲ್ಲ.

"ಹೆತ್ತಿರಬೋದು. ಭಂಡಾರ ಬಿದ್ಮೇಲೆ ನಮಗೂ ತಾಯಿ. ಬೇಕಾದ್ರೆ ಅವ್ವನ್ನೇ ಕೇಳಾಣ."

ಕೇಳುವುದೆಂದರೆ ಹೂ ಏರಿಸುವುದು. ಬಲಕ್ಕೆ ಬಿದ್ದರೆ ಹೋಗುತ್ತೇನೆ, ಎಡಕ್ಕೆ ಬಿದ್ದರೆ ಇರುತ್ತೇನೆ. ಕಂಬಳಿಯನ್ನು ಗೋಡೆಗೆ ಆನಿಸಿ, ನೆತ್ತಿಯ ಮೇಲೆ ಸೇವಂತಿಗೆ ಇಟ್ಟು, ಎಲ್ಲರೂ ಕೈಮುಗಿದು ಕೂತರು. ಉಣ್ಣೆಗೆ ಗಂಜಿ, ಗಂಜಿಗೆ ಅರಿಶಿನ, ಅದಕ್ಕೆ ಹೂ. ಅಂಟಿಕೊಂಡ ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಕೂತವರ ಕಾಲು ಜೋಮು ಹಿಡಿಯಿತು. ಒಬ್ಬರು ಆಕಳಿಸಿದರು. ಈರುಳ್ಳಿ ಗಾಡಿಯವನು ಎರಡು ಸಲ ಹಾರನ್ ಹೊಡೆದ.

ಆಪಾ ಅವಳಿಗೆ ಕೈಸನ್ನೆಯಲ್ಲಿ ಹೂವಿನ ಅರ್ಥ ಹೇಳಿದಳು. ಅರ್ಥವಾದ ಮೇಲೆ ಅವಳು ಅವ್ವನ ಮುಖವನ್ನು ನೋಡಿ ನಗತೊಡಗಿದಳು. ನಗುತ್ತ ನಗುತ್ತ ಅಳು ಬಂತು. ಫೋನಿಗೆ ಹೇಳಿದ್ದು ಇಷ್ಟೇ. "ನನ್ನ ತಾಯಿ ಎಂದಿಗೂ ಹೌದು ಅಥವಾ ಅಲ್ಲ ಎಂದು ಹೇಳುವುದಿಲ್ಲ."

ಆ ಮಾತು ಕೇಳಿ ನನಗೆ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ಹೊಸ್ತಿಲು ದಾಟಲೂ ಆಗಲಿಲ್ಲ. ಬಾಗಿಲ ಹಿಂದೆ ನಿಂತು, "ಭಾವ, ಒಂದ್ ಮಾತು" ಎಂದೆ.

ಎಲ್ಲರೂ ಬಾಗಿಲಿನ ಕಡೆ ನೋಡಿದರು. ಈ ಮನೆಯ ಬಾಗಿಲು ಮಾತಾಡಿದ್ದನ್ನು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ.

"ಅವ್ವನ ತವರು ಯಾವೂರು, ಭಾವ?"

ಭಾವನವರು ಯೋಚಿಸಿದರು. "ಆಯಮ್ಮನ ದೇಶಾನೇ ಇರ್ಬೇಕು."

"ಹಂಗಾದ್ರೆ ತವರಿಂದ ಕರಿಯಾಕೆ ಬಂದೋಳು ನಿಮ್ಮೆದುರಿಗೇ ಕುಂತವಳೆ. ಕರಿಯಾಕೆ ಬಂದೋರ್ನ ಬರಿಗೈಲಿ ಕಳಿಸೋದು ನಮ್ಮಾಗೈತಾ? ಕಂಬಳಿನೂ ನನ್ನ ತವರಿಂದು. ಅದ್ರ ಮಾತು ಹೇಳಾಕೆ ನಂಗೂ ಹಕ್ಕೈತೆ."

  ಆಗ ದೇವರ ಜೊತೆ ಬಂದಿದ್ದ ನನ್ನ ಓರಗಿತ್ತಿ, ಎಂದರೆ ಭಾವನವರ ಹೆಂಡತಿ, ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ ಬಾಯಿ ಬಿಟ್ಟಳು.

"ಹೆಣ್ಣು ತವರಿಗೆ ಹೊಂಟಾಗ ಅಡ್ಡ ನಿಂತೋರು ಯಾರೂ ಉದ್ಧಾರ ಆಗಿಲ್ಲ. ನನ್ನ ಕಳಿಸ್ದೇ ಇದ್ದ ವರ್ಷ ನಿಮ್ಮ ಎತ್ತು ಸತ್ತಿದ್ದು ಮರ್ತೀರಾ?"

ನಡುಮನೆ ನಕ್ಕಿತು. ಭಾವನವರು ನಗಲಿಲ್ಲ. ಎತ್ತನ್ನು ಅವರು ಮರೆತಿರಲಿಲ್ಲ. ಹೂವನ್ನು ಒಮ್ಮೆ, ಹೆಂಡತಿಯನ್ನು ಒಮ್ಮೆ ನೋಡಿದರು.

"ಅದೂ ಹೌದು ಅನ್ನು. ಮಡ್ಲಕ್ಕಿ ಹಾಕ್ರಿ ಮತ್ತೆ. ಸುಮ್ನೆ ಕುಂತೀರಲ್ಲ."

ಚಿತ್ರಕ್ಕೆ ಮಡಿಲೆಲ್ಲಿ? ಕಂಬಳಿಯ ಕೆಳತುದಿಯನ್ನೇ ಮೇಲಕ್ಕೆ ಮಡಿಸಿ ಹಿಡಿದರು. ನಾನು ಹಾಕುವಂತಿಲ್ಲವಲ್ಲ, ಓರಗಿತ್ತಿ ಅಕ್ಕಿ, ಕಾಯಿ, ಬೆಲ್ಲ, ಕುಬಸದ ಬಟ್ಟೆ ಹಾಕಿ ಗಂಟು ಕಟ್ಟಿದಳು. ಮಾಸ್ತರರು ಎಲ್ಲವನ್ನೂ ವಿಡಿಯೋ ಮಾಡಿಕೊಂಡರು, ಕೊನೆಯಲ್ಲಿ ಫೋನು ತಿರುಗಿಸಿ ತಮ್ಮನ್ನೂ ಸೇರಿಸಿಕೊಂಡರು. ಭಾವನವರು ಕಂಬಳಿಯನ್ನು ಎರಡು ಕೈಯಲ್ಲಿ ಎತ್ತಿ ಅವಳ ತೋಳಿಗೆ ಕೊಡುತ್ತ, "ಹುಷಾರಾಗಿ ಕರ್ಕೊಂಡ್ ಹೋಗವ್ವ, ವಿಮಾನ್ದಾಗೆ ಕಿಟಕಿ ಪಕ್ಕ ಕುಂದ್ರಿಸು" ಎಂದರು. ಪ್ಯಾಟೆ ಸೊಸೆ ಇದನ್ನು ಹೇಗೆ ಓದಿದಳೋ, ಅವಳು ಭಾವನವರ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡಳು. ಅವರ ಕಡೆ ಹಿರಿಯರಿಗೆ ಹಾಗೆ ಮಾಡುತ್ತಾರಂತೆ. ಭಾವನವರು ಆ ಕೈಯನ್ನು ಬಹಳ ಹೊತ್ತು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು.

ವಿಮಾನದವರು ತೆಂಗಿನಕಾಯಿಯನ್ನು ತೆಗೆಸಿದರಂತೆ. ಉಳಿದದ್ದೆಲ್ಲ ಮುಟ್ಟಿತು. ಆ ಖಾಲಿ ಗೋಡೆಯ ಮೇಲೆ ಅವ್ವ ನಿಂತಿರುವುದನ್ನು ನೀವು ನೋಡಿದಿರಿ. ಹಳದಿಯನ್ನು ತೆಗೆಯಲು ಅವಳು ಒಪ್ಪಲಿಲ್ಲ. ಅಲ್ಲಿಯ ಪತ್ರಿಕೆಗಳು ಆ ಹಳದಿಯೇ ಅವಳ ಕಲೆಯ ದೊಡ್ಡ ತಿರುವು ಎಂದು ಬರೆದವಂತೆ. ತಾಯಿ ಮಗಳ ನಡುವಿನ ಗಾಯ ಎಂದು ಒಬ್ಬರು, ಒಳನಾಡಿನ ಬಿಸಿಲು ಎಂದು ಇನ್ನೊಬ್ಬರು. ಈ ಹಳದಿಯ ಸೂಚನೆ ಈಕೆ ವಿದ್ಯಾರ್ಥಿನಿಯಾಗಿದ್ದಾಗಲೇ ನನಗೆ ಕಂಡಿತ್ತು ಎಂದು ಆ ಹಳೆಯ ಗುರುಗಳು ಬರೆದರಂತೆ. ಬಾಗೂರಿನ ಅಂಗಡಿಯ ಅರಿಶಿನ ಇಷ್ಟು ದೂರ ಹೋಗುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ಈಗ ಅಲ್ಲಿಯ ದೊಡ್ಡ ಮ್ಯೂಸಿಯಂ ಒಂದು ಅವ್ವನನ್ನು ಶಾಶ್ವತವಾಗಿ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದೆಯಂತೆ. ಕಂಬಳಿ ನಿನ್ನದು, ಕೊಡಲೇ ಎಂದು ಅವಳು ನನ್ನನ್ನು ಕೇಳಿದಳು. ನಾನು ತವರಿನಲ್ಲೇ ಇರಲಿ ಎಂದೆ. ಪ್ಯಾಟೆ ಸೊಸೆ ಅದನ್ನು ನೆಟ್ಟಗೆ ಮುಟ್ಟಿಸಿದಳು ಎಂದುಕೊಂಡಿದ್ದೇನೆ. ಉತ್ತರವಾಗಿ ಒಂದು ಲೋಟ ಕರಿ ಚಹಾದ ಚಿತ್ರ ಬಂತು.

ಉಳಿದದ್ದು ಭಾವನವರು. ಸಿಕ್ಕಾಗೆಲ್ಲ, "ಅವ್ವ ಯಾವಾಗ ಬರ್ತಾಳಂತೆ?" ಎಂದು ಕೇಳುತ್ತಿದ್ದರು. ಹೋದ ತಿಂಗಳು ಧೈರ್ಯ ಮಾಡಿ, ಈ ಸಲ ಬಾಗಿಲಿನ ಈಚೆಗೇ ನಿಂತು ಹೇಳಿದೆ. ಅವ್ವನಿಗೆ ಅಲ್ಲಿಯೇ ದೊಡ್ಡ ಜಾಗ ಆಗಿದೆ, ನುಣುಪು ಕಲ್ಲಿನ ನೆಲ, ಮೇಲಿನಿಂದ ದೀಪ, ಬಂದವರು ಪಿಸುಮಾತಿನಲ್ಲೇ ಮಾತಾಡುತ್ತಾರೆ, ಯಾರೂ ಮುಟ್ಟುವಂತಿಲ್ಲ, ಕಾಯಲು ಆಳಿದ್ದಾನೆ, ಒಳಗೆ ಹೋಗಲು ಸಾಲು ನಿಲ್ಲಬೇಕು ಎಂದು.

ಅವರು ಗಡ್ಡ ತುರಿಸಿಕೊಂಡು ಎಲ್ಲವನ್ನೂ ಕೇಳಿದರು. ಮುಖದಲ್ಲಿ ಸಮಾಧಾನ ಕಂಡಿತು.

"ಗುಡಿನೇ ಕಟ್ಟವ್ರೆ ಅನ್ನು."

"ಹೂಂ, ಭಾವ."

"ಚಪ್ಲಿ ಬಿಟ್ಟು ಒಳಕ್ಕೆ ಹೋಗ್ತಾರಾ?"

"ಅದೊಂದು ಕೇಳಿಲ್ಲ ನಾನು."

"ಕೇಳು" ಎಂದರು ಭಾವನವರು. "ಅದನ್ನ ಕೇಳ್ದೆ ಒಪ್ಕಂಡೀಯಲ್ಲವ್ವ."